ಅಮ್ಮನ ಪಾಲಿಗೆ ನನ್ನ ಸಾಲ ತಟ್ಟದಂತೆ ನೋಡಿಕೊಂಡದ್ದು

ತೋಟದಿಂದ ಅಂಗಳಕ್ಕೆ ಬರುವಷ್ಟರಲ್ಲಿ ಅಮ್ಮನ ಕೈಯಲ್ಲಿ ಪೆನ್ನಿತ್ತು. ಒಣಗಲು ಹಾಕಿದ ಅಡಿಕೆ ದಾಟಿ ಬಂದ ಇಬ್ಬರು ಜಗಲಿಯಲ್ಲಿ ಕುಳಿತಿದ್ದರು, ಹಣಕಾಸು ಸಂಸ್ಥೆಯೊಂದರ ವಸೂಲಿಯವರು. "ನಾವು ಬಂದಿದ್ದೆವು ಎನ್ನುವುದಕ್ಕೆ ಒಂದು ಸಹಿ ಸಾಕು ಅಮ್ಮಾ" ಎಂದಿದ್ದರಂತೆ. ಹಾಳೆ ಮಲಯಾಳದಲ್ಲಿತ್ತು, ಅಮ್ಮನಿಗೆ ಓದಲು ಬಾರದು. ನಾನು ಓದಿದೆ. ಮಗನ ಸಾಲಕ್ಕೆ ಜಾಮೀನು ನಿಲ್ಲುತ್ತೇನೆ ಎಂದಿತ್ತು. ಪೆನ್ನನ್ನು ಅಮ್ಮನ ಬೆರಳುಗಳಿಂದ ಬಿಡಿಸಿಕೊಂಡೆ. ಜಾಮೀನು ನಿಂತವರ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಅಲ್ಲಿಯವರೆಗೆ ನನ್ನೊಬ್ಬನದಾಗಿದ್ದ ಸಾಲ ಆ ಒಂದು ಸಹಿಯಿಂದ ಅಮ್ಮನದೂ ಆಗುತ್ತಿತ್ತು.

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನನ್ನದು ಗೊಬ್ಬರದ ಅಂಗಡಿ ಇತ್ತು. ಎರಡು ಮಳೆಗಾಲ ಕೊಳೆರೋಗ ಬಡಿದಾಗ ಕಡ ಒಯ್ದ ಕೃಷಿಕರಿಗೆ ಹಣ ಕೊಡಲಾಗಲಿಲ್ಲ, ಕೇಳಲು ನನಗೆ ಬಾಯಿ ಬರಲಿಲ್ಲ. ಅಂಗಡಿ ಉಳಿಸಲು ಅಡವಿಲ್ಲದೆ ತೆಗೆದ ಸಾಲ ಬಡ್ಡಿ ಸೇರಿ 11 ಲಕ್ಷ ರೂಪಾಯಿ ದಾಟಿತು. ಜಾಗವೆಲ್ಲ ಅಪ್ಪ ದುಡಿದು ಕೊಂಡದ್ದು, 2 ಎಕ್ರೆ 40 ಸೆಂಟ್ಸ್. ಉಯಿಲು ಬರೆಯದೆ ತೀರಿಕೊಂಡಿದ್ದರಿಂದ ಅಮ್ಮ, ಅಕ್ಕ, ನಾನು, ಮೂವರಿಗೂ ಸಮಪಾಲು. ಆದರೆ ಭಾಗವಾಗಿರಲಿಲ್ಲ.

ಪುತ್ತೂರಿನಿಂದ ಬಂದ ಭಾವ ನೇರವಾಗಿ ಹೇಳಿದರು: "ನಿನ್ನ ಪಾಲನ್ನು ಅತ್ತೆಯ ಹೆಸರಿಗೆ ಬಿಟ್ಟುಬಿಡು. ಯಾರು ಬಂದು ಏನು ಜಪ್ತಿ ಮಾಡುತ್ತಾರೆ?" ನನಗೂ ಅದೇ ಸರಿ ಎನಿಸಿತ್ತು.

ಕಾಸರಗೋಡಿನ ವಕೀಲರು ಒಪ್ಪಲಿಲ್ಲ. ಸಾಲ ಕೊಟ್ಟವರಿಗೆ ಸಿಗದಂತೆ ಮಾಡಲು ಆಸ್ತಿ ಕೈಬದಲಿಸಿದರೆ, ಆಸ್ತಿ ವರ್ಗಾವಣೆ ಕಾಯಿದೆಯ 53ನೆಯ ಸೆಕ್ಷನ್ ಪ್ರಕಾರ ಸಾಲ ಕೊಟ್ಟವರು ಅದನ್ನು ಕೋರ್ಟಿನಿಂದ ರದ್ದುಪಡಿಸಿಕೊಳ್ಳಬಹುದು. ಇನ್ನೂ ಕೆಟ್ಟದ್ದೆಂದರೆ, ಹಾಗೆ ಮಾರಲೋ ದಾನ ಮಾಡಲೋ ಹೊರಟಿದ್ದೇನೆಂದು ತೋರಿಸಿಕೊಟ್ಟರೆ ತೀರ್ಪಿಗೆ ಮೊದಲೇ ಜಪ್ತಿ ಆದೇಶ ಸಿಗಬಹುದು. "ಅಮ್ಮನನ್ನು ಉಳಿಸಲು ಹೋಗಿ ಅವರನ್ನೇ ಕೋರ್ಟಿಗೆ ಎಳೆಯುತ್ತೀರಿ" ಎಂದರು. ಆ ಮಾತು ಮನಸ್ಸಿಗೆ ನಾಟಿತು.

ಅವರು ತೋರಿಸಿದ ದಾರಿ ನ್ಯಾಯವಾದ ಭಾಗ. ಅಡವಿಲ್ಲದ ಸಾಲಕ್ಕೆ ಯಾರೂ ತಾವಾಗಿ ಜಾಗಕ್ಕೆ ಕೈಹಾಕುವಂತಿಲ್ಲ. ದಾವೆ ಹೂಡಿ ಡಿಕ್ರಿ, ಅಂದರೆ ಕೋರ್ಟಿನ ತೀರ್ಪಿನ ಆದೇಶ, ಪಡೆಯಬೇಕು. ಪಡೆದರೂ ಅದು ನನ್ನ ಪಾಲಿಗೆ ಮಾತ್ರ. ಯಾವುದು ನನ್ನ ಪಾಲು ಎಂದು ಗೊತ್ತಿಲ್ಲದಿದ್ದರೆ ಮೂವರೂ ಅಲೆಯಬೇಕಾಗುತ್ತದೆ. ನಾನು ಗುಡ್ಡೆಯ ಮುರಕಲ್ಲಿನ ಜಾಗ ಮಾತ್ರ ಸಾಕು ಎಂದೆ. "ನಿಮ್ಮ ಪಾಲಿಗಿಂತ ಕಡಿಮೆ ತೆಗೆದುಕೊಂಡರೆ ನಾಳೆ ಪ್ರಶ್ನೆ ಬರುವುದೇ ಅಲ್ಲಿ" ಎಂದು ಅವರು ಅದನ್ನೂ ತಡೆದರು.

ಹಾಗಾಗಿ ವಿಸ್ತೀರ್ಣ ನೋಡಲಿಲ್ಲ, ಬೆಲೆ ಕಟ್ಟಿದೆವು. ಮನೆ ಮತ್ತು ಅದರ ಸುತ್ತಲಿನ 50 ಸೆಂಟ್ಸ್ ಅಮ್ಮನಿಗೆ, ರಬ್ಬರಿನ 90 ಅಕ್ಕನಿಗೆ, ಅಡಿಕೆ ತೋಟದ ಒಂದು ಎಕ್ರೆ ನನಗೆ. ಎರಡು ಸಂಜೆ ಹಿಡಿದದ್ದು ಬಾವಿ. ಅದು ಅಮ್ಮನ ಪಾಲಿನಲ್ಲಿದೆ, ನೀರು ಬೇಕಾದದ್ದು ನನ್ನ ತೋಟಕ್ಕೆ. ಕೊನೆಗೆ ಪೈಪು ಹಾಯುವ ಜಾಗ, ಪಂಪಿನ ಖರ್ಚು, ನೀರಿನ ಹಕ್ಕು ಎಲ್ಲವನ್ನೂ ಭಾಗದ ಆಧಾರ ಪತ್ರದಲ್ಲಿ ಬರೆಸಿದೆವು. ನೋಂದಣಿಯಾದ ಮೇಲೆ ವಿಲ್ಲೇಜ್ ಆಫೀಸಿನಲ್ಲಿ ಪೋಕುವರವು (ಖಾತೆ ಬದಲಾವಣೆ) ಮಾಡಿಸಿ ಮೂವರ ಹೆಸರಿಗೂ ಬೇರೆಬೇರೆ ತಂಡಪೇರು (ಭೂತೆರಿಗೆಯ ಖಾತೆ) ಮಾಡಿಸಿಕೊಂಡೆವು. ಅಮ್ಮನ ಅರ್ಜಿಯನ್ನು ಕನ್ನಡದಲ್ಲೇ ಕೊಟ್ಟೆ. ಇಲ್ಲಿನ ಕನ್ನಡಿಗರಾದ ನಮಗೆ ಕೇರಳದ ಕಾನೂನು ಆ ಹಕ್ಕು ಕೊಟ್ಟಿದೆ. ನಮ್ಮಲ್ಲಿ ಅನೇಕರು ಅದನ್ನು ಬಳಸುವುದೇ ಇಲ್ಲ. ತಾನು ಏನು ಕೇಳುತ್ತಿದ್ದೇನೆಂದು ಅಮ್ಮನಿಗೆ ತಿಳಿದಿರಬೇಕಿತ್ತು.

ಅಷ್ಟರಲ್ಲಿ ಸಂಸ್ಥೆಯವರು ಇನ್ನೊಂದು ಸವಲತ್ತಿನ ಮಾತು ತಂದರು: ಮನೆ ಅಡವಿಟ್ಟರೆ ಹಳೆಯ ಸಾಲವನ್ನು ಕಡಿಮೆ ಬಡ್ಡಿಗೆ ಬದಲಿಸಿಕೊಡುತ್ತೇವೆ. ಕಂತಿನ ಲೆಕ್ಕ ನೋಡಿದರೆ ಆಸೆಯಾಗುವಂತಿತ್ತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಸೆಕ್ಷನ್ ಕೃಷಿಕನು ವಾಸಿಸುವ ಅವನದೇ ಮನೆಯನ್ನು ಜಪ್ತಿಯಿಂದ ಕಾಯುತ್ತದೆ. ನಾವಾಗಿ ಅಡವಿಟ್ಟ ಮನೆಗೆ ಆ ರಕ್ಷಣೆ ಉಳಿಯುವುದಿಲ್ಲ. ನಾನು ಬೇಡವೆಂದೆ. ಈ ಇಡೀ ಓಡಾಟದಲ್ಲಿ ನಾನು ಮಾಡಿದ ಅತಿ ದೊಡ್ಡ ಕೆಲಸ ಅದೇ ಎಂದು ಈಗಲೂ ನಂಬಿದ್ದೇನೆ.

ಸಂಜೆ ಏಳರ ನಂತರವೂ ಕರೆಗಳು ಬರುತ್ತಿದ್ದವು, ಅಕ್ಕನಿಗೂ ಹೋಗುತ್ತಿದ್ದವು. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ವಸೂಲಿಗಾಗಿ ಕರೆ ಮಾಡುವಂತಿಲ್ಲ, ಮನೆಮಂದಿಯನ್ನು ಪೀಡಿಸುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟಿನಲ್ಲಿ ಸುತ್ತೋಲೆ ಹೊರಡಿಸಿತ್ತು. ಕರೆಗಳ ದಿನ, ಹೊತ್ತು ಬರೆದಿಟ್ಟು ಸಂಸ್ಥೆಗೆ ಲಿಖಿತ ದೂರು ಕೊಟ್ಟೆ. ಕರೆಗಳು ನಿಂತವು.

ಸಾಲ ಮಾತ್ರ ನನ್ನದೇ, ತೀರಿಸಲೇಬೇಕಿತ್ತು. ನನ್ನ ಒಂದು ಎಕ್ರೆಯಲ್ಲಿ 45 ಸೆಂಟ್ಸನ್ನು ಪಕ್ಕದ ತೋಟದವರಿಗೆ ನಡೆಯುವ ಬೆಲೆಗೇ ಮಾರಿದೆ; ಹಣವೆಲ್ಲ ಬ್ಯಾಂಕಿನ ಮೂಲಕ ಬಂತು. ಸಂಸ್ಥೆಯವರು ಹೂಡಿದ ದಾವೆ ಲೋಕ ಅದಾಲತ್ತಿಗೆ ಹೋಗಿ 8 ಲಕ್ಷಕ್ಕೆ ರಾಜಿಯಾಯಿತು. ಅಲ್ಲಿನ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ. ಬಾಕಿ ಇಲ್ಲವೆಂಬ ಪತ್ರ ಕೈಗೆ ಬರುವವರೆಗೆ ಅವರ ಕಚೇರಿಗೆ ನಾಲ್ಕು ಸಲ ಹೋದೆ.

ಮಾರಿದ ತುಂಡಿನಲ್ಲಿ ಅಪ್ಪ ನೆಟ್ಟ ಮಂಗಳ ತಳಿಯ ಮರಗಳಿವೆ. ಗೊನೆ ಇಳಿಸುವ ದಿನ ಆ ಕಡೆ ನೋಡಲು ನನಗೆ ಈಗಲೂ ಕಷ್ಟವಾಗುತ್ತದೆ. ಕೊಂಡವರು ಪ್ರತಿ ಕೊಯ್ಲಿಗೂ ಅಮ್ಮನ ಎಲೆಯಡಿಕೆಗೆಂದು ಒಂದು ಹಣ್ಣಡಿಕೆಯ ಗೊನೆ ಕಳಿಸಿಕೊಡುತ್ತಾರೆ.