ಗೀತೆಯ ಪುಟದಲ್ಲಿ ಗುರುತು ಹಾಕಲು ಪೆನ್ನು, ಪೆನ್ಸಿಲ್ಲು
ಮೈಸೂರಿನ ಅರಸು ರಸ್ತೆಗೆ ಪೆನ್ನು ಕೊಳ್ಳಲು ಹೋಗುವಾಗ ನಿಮ್ಮ ಗೀತೆಯ ಪ್ರತಿಯನ್ನೂ ಒಯ್ಯಿರಿ. ಕೊನೆಯ ಖಾಲಿ ಹಾಳೆಯ ಮೇಲೆ ಗೆರೆ ಎಳೆದು, ಎರಡು ನಿಮಿಷ ಬಿಟ್ಟು ಹಿಂಬದಿ ನೋಡಿ. ತೆಳು ಕಾಗದದಲ್ಲಿ ಜೆಲ್ ಪೆನ್ನು, ಹೈಲೈಟರ್ ಎರಡೂ ಆಚೆ ಬದಿಗೆ ಇಳಿಯುತ್ತವೆ. ಶ್ಲೋಕಕ್ಕೆ ಬಣ್ಣದ ಪೆನ್ಸಿಲ್ಲೇ ಸರಿ, ಅದರಲ್ಲೂ ಹಳದಿ. ಕನ್ನಡ ಲಿಪಿಯಲ್ಲಿ ಗೆರೆಯನ್ನು ಒತ್ತಕ್ಷರಗಳಿಗಿಂತ ಕೆಳಗೆ ಎಳೆಯಬೇಕು. ಸಾಲಿಗೇ ತಾಗಿಸಿದರೆ ಒತ್ತು ಮುಚ್ಚಿ, ಪಾಠವೇ ತಪ್ಪೀತು. ಅಂಚಿನ ಟಿಪ್ಪಣಿಗೆ 0.3 ಮಿ.ಮೀ. ಪಿಗ್ಮೆಂಟ್ ಶಾಯಿಯ ಪೆನ್ನು: ಒಣಗಿದ ಮೇಲೆ ಬೆವರ ಕೈ ತಾಗಿದರೂ ಹರಡದು.

ಅಧ್ಯಯನಕ್ಕೆ 200 ಪುಟದ ನೋಟ್‌ಬುಕ್ ಸಾಕು. 18 ಅಧ್ಯಾಯಗಳಿಗೆ ಸಮನಾಗಿ ಹಂಚಬೇಡಿ. 12ನೆಯದರಲ್ಲಿ 20 ಶ್ಲೋಕ, 18ನೆಯದರಲ್ಲಿ 78! ನಾಲ್ಕು ಶ್ಲೋಕಕ್ಕೆ ಒಂದು ಪುಟದಂತೆ ಬಿಟ್ಟರೆ ಪದಸೂಚಿಗೂ ಜಾಗ ಉಳಿಯುತ್ತದೆ.