ನೇಪಾಳ ನನಗೆ ಅರ್ಥವಾಗಿದ್ದು ವಾರ್ಡ್ ಕಚೇರಿಯಲ್ಲಿ

ನಮ್ಮ ಪತ್ರಿಕೆಗಳಲ್ಲಿ ನೇಪಾಳ ಕಾಣಿಸುವುದು ಸರ್ಕಾರ ಬಿದ್ದಾಗ, ಇಲ್ಲ ಭೂಮಿ ನಡುಗಿದಾಗ. ಬದಲಾಗುತ್ತಲೇ ಇರುವ ಪ್ರಧಾನಿಗಳ ಹೆಸರು ನೆನಪಿಟ್ಟುಕೊಂಡು ಏನು ಗೊತ್ತಾಗುತ್ತದೆ? ನಾನು ಗ್ರಾಮ ಪಂಚಾಯಿತಿಯಲ್ಲಿ ಕೆಲಸ ಮಾಡುವವನು. ಅದಕ್ಕೇ ಅಲ್ಲಿನ ಸ್ಥಳೀಯ ಆಡಳಿತದಿಂದಲೇ ಶುರು ಮಾಡಿದೆ.

ಮೊದಲು ಸಂವಿಧಾನ ಓದಿದೆ. 2008ರಲ್ಲಿ ಅರಸೊತ್ತಿಗೆ ಹೋಯಿತು. 2015ರ ಸೆಪ್ಟೆಂಬರ್ 20ರಂದು ಈಗಿನ ಸಂವಿಧಾನ ಜಾರಿಗೆ ಬಂತು. ಕೇಂದ್ರ, 7 ಪ್ರಾಂತ್ಯಗಳು, ಅವುಗಳ ಕೆಳಗೆ 753 ಸ್ಥಳೀಯ ಸಂಸ್ಥೆಗಳು. ಹಳ್ಳಿಯದ್ದು ಗಾಉಂಪಾಲಿಕಾ, ಪಟ್ಟಣದ್ದು ನಗರಪಾಲಿಕಾ. ಹೈಸ್ಕೂಲಿನವರೆಗಿನ ಶಿಕ್ಷಣವನ್ನೂ ಸಂವಿಧಾನ ಇವುಗಳ ಕೈಗೇ ಕೊಟ್ಟಿದೆ. ನಮ್ಮ ಪಂಚಾಯಿತಿಗಳಿಗೆ ಅಷ್ಟು ಅಧಿಕಾರ ಎಲ್ಲಿದೆ?

ಆಮೇಲೆ ನೇಪಾಳಿ ಪತ್ರಿಕೆ ಓದತೊಡಗಿದೆ. ಲಿಪಿ ದೇವನಾಗರಿ, ಹಿಂದಿ ಬಂದರೆ ಅರ್ಧ ದಾರಿ ಸಾಗಿದ ಹಾಗೆ. ತಾರೀಖು ಮಾತ್ರ ವಿಕ್ರಮ ಸಂವತ್ತಿನದು. 2015ರ ಸಂವಿಧಾನ ಅವರಿಗೆ 2072ರದ್ದು. ಅಲ್ಲಿನ ಕ್ಯಾಲೆಂಡರ್ ಜೊತೆಗಿಟ್ಟುಕೊಳ್ಳಿ.

ಬೆಂಗಳೂರಿನ ಹೋಟೆಲುಗಳಲ್ಲಿ, ಅಪಾರ್ಟ್‌ಮೆಂಟ್ ಗೇಟುಗಳಲ್ಲಿ ಕೆಲಸ ಮಾಡುವ ನೇಪಾಳಿಗಳ ಜೊತೆ ಕೂತು ಮಾತಾಡಿದ್ದು ಇನ್ನೂ ಜಾಸ್ತಿ ಕಲಿಸಿತು. "ದಾಇ (ಅಣ್ಣ), ನಿಮ್ಮೂರು ಯಾವುದು?" ಅಂದರೆ ಸಾಕು, ಜಿಲ್ಲೆ, ಪಾಲಿಕೆ, ವಾರ್ಡ್ ನಂಬರಿನ ತನಕ ಹೇಳುತ್ತಾರೆ. ನನಗೆ ಸಿಕ್ಕವರಲ್ಲಿ ನೇಪಾಳದ ಪಶ್ಚಿಮ ತುದಿಯ ಅಛಾಮ್, ಕೈಲಾಲಿ ಜಿಲ್ಲೆಗಳ ಕಡೆಯವರೇ ಹೆಚ್ಚು. ಇಲ್ಲಿದ್ದುಕೊಂಡೇ ವೋಟು ಹಾಕುವ ವ್ಯವಸ್ಥೆ ಅವರಿಗಿಲ್ಲ. ಊರಿಗೆ ಹೋಗಿಬರಲು ರಜೆ, ಬಸ್ ಚಾರ್ಜು ಎರಡೂ ಕಷ್ಟ. ಊರು ಬಿಟ್ಟು ದುಡಿಯುವವರಿಗೇ ಊರಿನ ಆಡಳಿತದಲ್ಲಿ ಮಾತಿಲ್ಲ ಅನ್ನುವುದು ನನಗೆ ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಕೊನೆಗೆ ಕಠ್ಮಂಡು ಪಕ್ಕದ ಲಲಿತಪುರಕ್ಕೆ ಹೋಗಿ ಒಂದು ವಾರ್ಡ್ ಕಚೇರಿಯಲ್ಲಿ ಕೂತೆ. ಜನನ ನೋಂದಣಿ, ಮದುವೆ ನೋಂದಣಿ, ವೃದ್ಧಾಪ್ಯ ಭತ್ಯೆ, ಎಲ್ಲಕ್ಕೂ ಜನ ಬರುವುದು ಅಲ್ಲಿಗೇ. ವಾರ್ಡ್ ಸಮಿತಿಯಲ್ಲಿ ಚುನಾಯಿತರು ಐದು ಜನ. ಅವರಲ್ಲಿ ಎರಡು ಸ್ಥಾನ ಮಹಿಳೆಯರಿಗೆ, ಅದರಲ್ಲೂ ಒಂದು ದಲಿತ ಮಹಿಳೆಗೇ ಮೀಸಲು.

ನನ್ನ ಮನಸ್ಸನ್ನು ಹಿಡಿದಿದ್ದು ಊರಿನ ವ್ಯಾಜ್ಯ ಬಗೆಹರಿಸುವ, ಪಾಲಿಕೆಯ ನ್ಯಾಯಿಕ ಸಮಿತಿ. ಉಪಮೇಯರ್ ಇದರ ಮುಖ್ಯಸ್ಥರು, ಜೊತೆಗೆ ಇಬ್ಬರು ಸದಸ್ಯರು. ಒಂದು ಪಕ್ಷ ಮೇಯರ್, ಉಪಮೇಯರ್ ಎರಡೂ ಹುದ್ದೆಗೆ ಅಭ್ಯರ್ಥಿ ಹಾಕಿದರೆ ಒಬ್ಬರು ಮಹಿಳೆಯಾಗಿರಲೇಬೇಕು. ಪಕ್ಷಗಳು ಮೇಯರ್ ಸ್ಥಾನ ಗಂಡಸರಿಗೆ ಇಟ್ಟುಕೊಂಡು ಎರಡನೆಯದನ್ನು ಹೆಂಗಸರಿಗೆ ಕೊಟ್ಟವು. ಹಾಗಾಗಿ 2017ರ ಚುನಾವಣೆಯಲ್ಲಿ ಗೆದ್ದ ಉಪಮೇಯರ್‌ಗಳಲ್ಲಿ ಬಹುಪಾಲು ಮಹಿಳೆಯರೇ. ಗದ್ದೆಯ ಗಡಿ, ಕಾಲುವೆ ನೀರು, ಕೊಡದ ಕೂಲಿ, ಮಕ್ಕಳು ನೋಡಿಕೊಳ್ಳದ ವೃದ್ಧರು, ಈ ವ್ಯಾಜ್ಯಗಳೆಲ್ಲ ಅವರ ಮುಂದೆ ಬಂದವು. ಊರಿನ ಹಿರಿಯ ಗಂಡಸರೇ ತೀರ್ಮಾನ ಹೇಳುತ್ತಿದ್ದ ಕಡೆ ಇದು ಸಣ್ಣ ಬದಲಾವಣೆ ಅಲ್ಲ, ಅಲ್ವಾ?

ಪೌರತ್ವದ ವಿಷಯ ಮಾತ್ರ ಬೇರೆ. ಅರ್ಜಿಗೆ ಬೇಕಾದ ಸಿಫಾರಿಸ್ ಪತ್ರ ವಾರ್ಡಿನಲ್ಲಿ ಸಿಗುತ್ತದೆ, ಪ್ರಮಾಣಪತ್ರ ಕೊಡುವುದು ಜಿಲ್ಲಾಡಳಿತ ಕಚೇರಿ. ಅಲ್ಲಿ ತಾಯಿಯ ಹೆಸರಿನಲ್ಲಷ್ಟೇ ಪೌರತ್ವ ಪಡೆಯಲು ಮಕ್ಕಳು ಈಗಲೂ ಪರದಾಡುತ್ತಾರೆ.