ಏಣಿ ಬೇಡ, ಕೋಲು ಸಾಕು: ಕಾರಿನಲ್ಲಿ ನೀರಿಟ್ಟುಕೊಂಡು ಮಹಡಿ ಕಿಟಕಿ ತೊಳೆಯುವ ಬಗೆ

ಕೋಲಾರದಲ್ಲಿ ಬೋರ್ ನೀರು ಬಳಸುವ ಯಾವ ಮನೆಗೆ ಹೋದರೂ ಸ್ಟೀಲ್ ನಲ್ಲಿಯ ಬಾಯಿ ನೋಡಿ, ಸುಣ್ಣ ಬಳಿದ ಹಾಗೆ ಬಿಳಿ ಪದರ ಕಟ್ಟಿರುತ್ತದೆ. ಅದೇ ನೀರನ್ನು ಕಿಟಕಿಗೆ ಎರಚಿ ಬಿಟ್ಟರೆ ಒಂದೊಂದು ಹನಿ ಒಂದೊಂದು ಬಿಳಿ ಉಂಗುರವಾಗಿ ಗಾಜಿನ ಮೇಲೆ ಕೂರುತ್ತದೆ. ಗಾಜು ತೊಳೆಯುವವರು ಏಣಿ ಹತ್ತಿ ಬಟ್ಟೆ ಹಿಡಿಯಬೇಕಾದದ್ದು ಮುಖ್ಯವಾಗಿ ಆ ಉಂಗುರ ಒರೆಸಲಿಕ್ಕೆ. ನೀರಿನಲ್ಲಿ ಕರಗಿದ ಲವಣವೇ ಇಲ್ಲದಿದ್ದರೆ ಒಣಗಿದಾಗ ಉಳಿಯುವುದಕ್ಕೆ ಏನೂ ಇಲ್ಲ. ಒರೆಸುವ ಕೆಲಸ ಹೋಯಿತು, ಏಣಿಯೂ ಹೋಯಿತು. ನೆಲದ ಮೇಲೆ ನಿಂತು, ತುದಿಗೆ ಬ್ರಷ್ ಕಟ್ಟಿದ ಉದ್ದನೆಯ ಕೋಲಿನ ಮೂಲಕ ಶುದ್ಧ ನೀರು ಹಾಯಿಸಿ ಉಜ್ಜಿ, ತೊಳೆದು, ಹಾಗೇ ಒಣಗಲು ಬಿಡುವುದು.

ಅರವತ್ತರ ಆಸುಪಾಸಿನವರಿಗೆ, ಮೊಣಕಾಲು ನೋವಿರುವವರಿಗೆ ಈ ಪದ್ಧತಿ ಚೆನ್ನಾಗಿ ಒಗ್ಗುತ್ತದೆ. ಆದರೆ ತೂಕ ಎಲ್ಲೆಲ್ಲಿ ಇಳಿಸಬಹುದೋ ಅಲ್ಲೆಲ್ಲ ಇಳಿಸಬೇಕು. ಇಲ್ಲದಿದ್ದರೆ ಏಣಿಯಿಂದ ಬೀಳುವ ಭಯ ಹೋಗಿ ಭುಜದ ನೋವು ಶುರುವಾಗುತ್ತದೆ. ಕೆಳಗೆ ಹೇಳಿರುವ ಪ್ರತಿಯೊಂದು ಸಾಮಾನನ್ನೂ ಈ ಲೆಕ್ಕದಲ್ಲೇ ಆರಿಸಿದ್ದೇವೆ.

ನೀರು ತಯಾರಿ

ಮೊದಲು ಕೊಳ್ಳಬೇಕಾದದ್ದು ಟಿಡಿಎಸ್ ಮೀಟರ್, ಅಂದರೆ ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂದು ಅಳೆಯುವ ಸಾಧನ. ಜೇಬಿನಲ್ಲಿ ಹಿಡಿಸುವ ಸಣ್ಣದು ಸಾಕು. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಮಟ್ಟ ಲೀಟರಿಗೆ 500 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೆ. ಗಾಜು ಒರೆಸದೆ ಬಿಡಬೇಕಾದರೆ ಬೇಕಾದದ್ದು 10ಕ್ಕಿಂತ ಕಡಿಮೆ, ಸೊನ್ನೆಯಾದರೆ ಇನ್ನೂ ಒಳ್ಳೆಯದು. ಹಾಗಾಗಿ ಕುಡಿಯಲು ಚೆನ್ನಾಗಿರುವ ನೀರೂ ಗಾಜಿಗೆ ಕೆಟ್ಟ ನೀರೇ.

ಮೀಟರ್ ಮೇಲೆ ನಂಬಿಕೆ ಬರಬೇಕಾದರೆ ಒಂದು ಸಣ್ಣ ಪರೀಕ್ಷೆ ಮಾಡಿ. ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್ ತುಂಡಿನ ಮೇಲೆ ಎಡಕ್ಕೆ ಬೋರ್ ನೀರಿನ ಒಂದು ಹನಿ, ನಡುವೆ ಆರ್‌ಒ ನೀರಿನ ಹನಿ, ಬಲಕ್ಕೆ ರೆಸಿನ್ (ನೀರಿನ ಲವಣ ಹಿಡಿದಿಟ್ಟುಕೊಳ್ಳುವ ಸಣ್ಣ ಮಣಿಗಳು) ದಾಟಿ ಬಂದ ನೀರಿನ ಹನಿ ಬಿಟ್ಟು ನೆರಳಿನಲ್ಲಿ ಒಣಗಲು ಬಿಡಿ. ಎಡಗಡೆ ದಪ್ಪ ಅಂಚಿನ ಬಿಳಿ ಉಂಗುರ, ನಡುವೆ ಮಸುಕು ಗೆರೆ, ಬಲಗಡೆ ಹನಿ ಎಲ್ಲಿತ್ತೆಂದೇ ಗೊತ್ತಾಗಬಾರದು. ಗೊತ್ತಾದರೆ ಆ ನೀರು ಕೆಲಸಕ್ಕೆ ಬಾರದು.

ಬೋರ್ ನೀರಿನ ಟಿಡಿಎಸ್ 900 ಇದೆ ಎಂದಿಟ್ಟುಕೊಳ್ಳೋಣ. ಅದನ್ನು ನೇರವಾಗಿ ರೆಸಿನ್‌ಗೆ ಬಿಟ್ಟರೆ, ಒಂದು ಲೀಟರ್ ಮಿಕ್ಸ್‌ಡ್ ಬೆಡ್ (ಎರಡು ಬಗೆಯ ಮಣಿ ಬೆರೆಸಿದ) ರೆಸಿನ್ ಅಂದಾಜು 25 ಲೀಟರ್ ನೀರಿಗೇ ಸೋತುಹೋಗುತ್ತದೆ. ಅದು ದುಡ್ಡು ನೀರಿಗೆ ಹಾಕಿದ ಹಾಗೆ. ಮೊದಲು ಆರ್‌ಒ ಮೆಂಬ್ರೇನ್, ಆಮೇಲೆ ರೆಸಿನ್. ಒಳ್ಳೆಯ ಮೆಂಬ್ರೇನ್ ಶೇ. 90ರಿಂದ 95ರಷ್ಟು ಲವಣ ತಡೆಯುತ್ತದೆ, 900 ಇದ್ದದ್ದು 50ರ ಆಸುಪಾಸಿಗೆ ಬರುತ್ತದೆ. ಆಗ ಅದೇ ಒಂದು ಲೀಟರ್ ರೆಸಿನ್ 400 ಲೀಟರ್‌ವರೆಗೆ ಬಾಳುತ್ತದೆ.

ಮನೆಗೆ ಹಾಕುವ 75 ಜಿಪಿಡಿ (ದಿನಕ್ಕೆ 75 ಗ್ಯಾಲನ್) ಆರ್‌ಒ ಸಾಕು. ಹೆಸರಿಗೆ ದಿನಕ್ಕೆ ಸುಮಾರು 280 ಲೀಟರ್ ಎಂದಿದ್ದರೂ ಗಡಸು ನೀರಿಗೆ ಗಂಟೆಗೆ 8ರಿಂದ 10 ಲೀಟರ್ ಎಂದೇ ಲೆಕ್ಕ ಹಾಕಿ. 100 ಲೀಟರ್ ತುಂಬಲು ಒಂದು ರಾತ್ರಿ ಬೇಕು, ನಡುವೆ ಕರೆಂಟ್ ಹೋದರೆ ಇನ್ನೂ ಹೆಚ್ಚು. ಕ್ಯಾನ್ ತುಂಬಿದಾಗ ತಾನೇ ನಿಲ್ಲುವಂತೆ ಫ್ಲೋಟ್ ಹಾಕಿಸಿ. ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ: ಮನೆಯ ಆರ್‌ಒಗಳಲ್ಲಿ ರುಚಿಗೆಂದು ಟಿಡಿಎಸ್ ಕಂಟ್ರೋಲರ್ ಅಥವಾ ಮಿನರಲ್ ಕಾರ್ಟ್ರಿಜ್ ಇರುತ್ತದೆ. ಮೆಂಬ್ರೇನ್ ಕಷ್ಟಪಟ್ಟು ತೆಗೆದ ಲವಣವನ್ನು ಅದು ಮತ್ತೆ ಸೇರಿಸುತ್ತದೆ. ಕಂಟ್ರೋಲರ್ ಪೂರ್ತಿ ಮುಚ್ಚಿಸಿ, ಮಿನರಲ್ ಕಾರ್ಟ್ರಿಜ್ ತೆಗೆಸಿ.

ರೆಸಿನ್ ತುಂಬಿದ ಹೌಸಿಂಗ್ (ಕೊಳವೆಯಂಥ ಡಬ್ಬಿ) ನೆಟ್ಟಗೆ ನಿಂತಿರಲಿ. ಮಲಗಿಸಿದರೆ ರೆಸಿನ್ ಕೆಳಗೆ ಕೂತು, ನೀರು ಮೇಲಿನ ಖಾಲಿ ಜಾಗದಲ್ಲಿ ಜಾರಿ ಹಾಗೇ ಹೊರಬರುತ್ತದೆ. ಹೊರಬರುವ ನೀರು 10 ದಾಟಿದರೆ ರೆಸಿನ್ ಬದಲಿಸುವ ಹೊತ್ತು. ಮೀನಿನ ವಾಸನೆ ಬಂದರೆ ಆ ಹೊತ್ತು ಆಗಲೇ ಮೀರಿದೆ.

ಪ್ರತಿ 100 ಲೀಟರ್ ಶುದ್ಧ ನೀರಿಗೆ 200ರಿಂದ 300 ಲೀಟರ್ ಉಪ್ಪು ನೀರು ಆರ್‌ಒದಿಂದ ಹೊರಗೆ ಹೋಗುತ್ತದೆ. ಬೋರ್ ಸಾವಿರ ಅಡಿ ದಾಟಿರುವ ಊರಿನಲ್ಲಿ ಇದನ್ನು ಚರಂಡಿಗೆ ಬಿಡುವುದು ಸಲ್ಲದು. ಡ್ರಮ್ಮಿನಲ್ಲಿ ಹಿಡಿದು ಕಕ್ಕಸಿಗೆ, ಅಂಗಳ ತೊಳೆಯಲು ಬಳಸಿ. ಸಂಪಿಗೆ ವಾಪಸ್ ಬಿಡಬೇಡಿ, ದಿನದಿಂದ ದಿನಕ್ಕೆ ಸಂಪಿನ ನೀರೇ ಉಪ್ಪಾಗುತ್ತಾ ಹೋಗುತ್ತದೆ. ಗಿಡಗಳಿಗೂ ದಿನಾ ಬೇಡ. ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನುಗಟ್ಟಲೆ ತಂದು ಗಾಜಿಗೆ ಸುರಿಯುವುದು ನಮ್ಮ ಪ್ರಕಾರ ತಪ್ಪು. ಅದು ಕುಡಿಯುವವರ ಪಾಲು.

ಎಲ್ಲಕ್ಕಿಂತ ಒಳ್ಳೆಯದು ಮಳೆ ನೀರು. ಮೊದಲ ಹತ್ತು ನಿಮಿಷದ ನೀರು ಹೊರಗೆ ಬಿಟ್ಟು ಆಮೇಲೆ ಹಿಡಿದರೆ ಟಿಡಿಎಸ್ ಬಹಳ ಕಡಿಮೆ ಇರುತ್ತದೆ, ಆರ್‌ಒ ಇಲ್ಲದೆ ನೇರ ರೆಸಿನ್‌ಗೇ ಬಿಡಬಹುದು. ಸಾವಿರ ಚದರಡಿ ತಾರಸಿಗೆ 10 ಮಿಲಿಮೀಟರ್ ಮಳೆ ಬಿದ್ದರೆ ಸೋರಿಕೆ ಕಳೆದು 700 ಲೀಟರ್ ದಾಟುತ್ತದೆ. ಹೊಸ ಸಿಮೆಂಟಿನ ತಾರಸಿಯಾದರೆ ಸುಣ್ಣ ಬಿಡುತ್ತದೆ, ಅಳೆದು ನೋಡಿ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹಿಡಿದಿಟ್ಟುಕೊಂಡದ್ದು ಚಳಿಗಾಲಕ್ಕೆ ಬರುತ್ತದೆ.

ಕಾರಿನೊಳಗೆ

ಒಂದು ಲೀಟರ್ ಎಂದರೆ ಒಂದು ಕಿಲೋ. 100 ಲೀಟರ್ ನೀರು, ಪಂಪು, ಬ್ಯಾಟರಿ, ಪೈಪು ಸೇರಿದರೆ ಇಬ್ಬರು ಆಳಿನ ತೂಕ. ಹಿಂದಿನ ಸೀಟು ಮಡಚಿ, 50 ಲೀಟರಿನ ಎರಡು ಕ್ಯಾನ್‌ಗಳನ್ನು ಮುಂದಿನ ಸೀಟಿನ ಬೆನ್ನಿಗೆ ಒತ್ತಿಸಿಟ್ಟು, ಸೀಟ್ ಬೆಲ್ಟ್ ಕೊಕ್ಕೆಗಳಿಗೆ ಲಾರಿಯವರು ಬಳಸುವ ಪಟ್ಟಿಯಿಂದ ಬಿಗಿಯಿರಿ. ಡಿಕ್ಕಿಯಲ್ಲಿ ಹಿಂದಕ್ಕೆ ಇಟ್ಟರೆ ಕಾರಿನ ಮೂತಿ ಎದ್ದು ಸ್ಟೀರಿಂಗ್ ಹಗುರವಾಗುತ್ತದೆ. ಕಟ್ಟದೆ ಬಿಟ್ಟ ಕ್ಯಾನು ಬ್ರೇಕ್ ಹಾಕಿದಾಗ ನಿಮ್ಮ ಬೆನ್ನಿಗೇ ಬರುತ್ತದೆ. ಅರ್ಧ ತುಂಬಿದ ಕ್ಯಾನ್ ತಿರುವಿನಲ್ಲಿ ತುಳುಕಿ ಗಾಡಿ ಎಳೆಯುತ್ತದೆ, ಆದ್ದರಿಂದ ಒಂದನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಸಿಎನ್‌ಜಿ ಸಿಲಿಂಡರ್ ಇರುವ ಕಾರಿನಲ್ಲಿ ಜಾಗ ಸಾಲದು. ಪಕ್ಕದ ಬಾಗಿಲು ಜಾರುವ ಓಮ್ನಿ, ಈಕೋ ಇದ್ದರೆ ಬಗ್ಗುವ ಕೆಲಸವೇ ಕಡಿಮೆ.

ಕ್ಯಾನ್‌ಗಳನ್ನು ಎಂದೂ ಎತ್ತಬೇಡಿ. ಅವು ಕಾರಿನಲ್ಲೇ ಇರಲಿ, ಮನೆಯ ಪೈಪು ಅಲ್ಲಿಗೇ ಬರಲಿ. ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆ, ಕಪ್ಪು ಬಟ್ಟೆ ಹೊದಿಸಿ. ಮೇಲೆ ದೊಡ್ಡದಾಗಿ "ಕುಡಿಯುವ ನೀರಲ್ಲ" ಎಂದು ಬರೆಯಿರಿ. ನಿಮ್ಮ ಕುಡಿಯುವ ನೀರು ಬೇರೆ ಬಾಟಲಿಯಲ್ಲಿರಲಿ.

ಪಂಪಿಗೆ ದೂರ ಹೋಗಬೇಕಾಗಿಲ್ಲ. ಟೊಮೇಟೊ ತೋಟಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಪಂಪಿನೊಳಗೆ ಇರುವುದೂ ಇದೇ ಜಾತಿಯ 12 ವೋಲ್ಟ್ ಡಯಾಫ್ರಾಂ ಮೋಟರ್. ನಿಮಿಷಕ್ಕೆ 5 ಲೀಟರ್, ಒತ್ತಡ 100 ಪಿಎಸ್‌ಐ ಇರುವುದನ್ನು ಹೊಸದಾಗಿಯೇ ತೆಗೆದುಕೊಳ್ಳಿ. ಔಷಧಿ ಹೊಡೆದ ಹಳೆಯ ಪಂಪು ಎಷ್ಟು ತೊಳೆದರೂ ಬೇಡ, ಆ ನೀರು ಜನರ ಕಿಟಕಿಯಿಂದ ತುಳಸಿ ಕಟ್ಟೆಗೆ, ಮಕ್ಕಳು ಆಡುವ ಅಂಗಳಕ್ಕೆ ಇಳಿಯುತ್ತದೆ. ಇಂಥ ಪಂಪು ರಿಪೇರಿ ಮಾಡುವವರು ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು ಎಲ್ಲೆಡೆ ಸಿಗುತ್ತಾರೆ.

ಮೋಟರಿಗೆ ವೇಗ ಕಡಿಮೆ ಮಾಡುವ ಕಂಟ್ರೋಲರ್ ಹಾಕಿಸಿ, ನಿಮಿಷಕ್ಕೆ ಒಂದರಿಂದ ಒಂದೂವರೆ ಲೀಟರ್ ಬಂದರೆ ಸಾಕು. ಅದಿಲ್ಲದಿದ್ದರೆ ಒತ್ತಡ ಏರಿ ಪಂಪು ಟಕಟಕ ಎಂದು ನಿಂತು ಹೊರಟು ಬೇಗ ಹಾಳಾಗುತ್ತದೆ. ಬ್ಯಾಟರಿ ಬೇರೆಯೇ ಇರಲಿ, 12 ವೋಲ್ಟ್ 20ರಿಂದ 26 ಎಎಚ್ (ಆಂಪಿಯರ್-ಗಂಟೆ) ಸಾಮರ್ಥ್ಯದ್ದು. ಮೋಟರ್ 3ರಿಂದ 5 ಆಂಪಿಯರ್ ಎಳೆಯುತ್ತದೆ, ಅರ್ಧ ಚಾರ್ಜಿನಲ್ಲೇ ಎರಡು ಮೂರು ಗಂಟೆ ಸಾಗುತ್ತದೆ. ಕಾರಿನ ಬ್ಯಾಟರಿಯಿಂದ ಎಳೆದರೆ ಕೆಲಸ ಮುಗಿಸಿ ಹೊರಡುವಾಗ ಗಾಡಿ ಸ್ಟಾರ್ಟ್ ಆಗದೇ ಹೋಗಬಹುದು. ಇನ್ವರ್ಟರಿನ ಆಸಿಡ್ ಬ್ಯಾಟರಿ ಮುಚ್ಚಿದ ಕಾರಿನಲ್ಲಿ ಬೇಡ, ಗ್ಯಾಸ್ ಬಿಡುತ್ತದೆ. ಪ್ಲಸ್ ತಂತಿಗೆ ಬ್ಯಾಟರಿಯ ಪಕ್ಕದಲ್ಲೇ 10 ಆಂಪಿಯರ್ ಫ್ಯೂಸ್ ಹಾಕಿ. ಪಂಪನ್ನು ಪ್ಲಾಸ್ಟಿಕ್ ಟಬ್ಬಿನಲ್ಲಿಡಿ, ಸೋರಿದರೆ ಕಾರ್ಪೆಟ್ ಉಳಿಯುತ್ತದೆ.

ಪೈಪಿನ ತೂಕ ಜನ ಮರೆಯುವ ತೂಕ. ತೋಟದ ಅರ್ಧ ಇಂಚಿನ ಪೈಪು 50 ಮೀಟರಿನಲ್ಲಿ ಆರು ಲೀಟರಿಗೂ ಹೆಚ್ಚು ನೀರು ಹಿಡಿಯುತ್ತದೆ. 6 ಮಿಲಿಮೀಟರ್ ಒಳವ್ಯಾಸದ ಪೈಪಿನಲ್ಲಿ ಒಂದೂವರೆ ಲೀಟರೂ ಇಲ್ಲ. ಕಾಂಪೌಂಡ್ ಸುತ್ತ ದಿನವಿಡೀ ಎಳೆಯುವವರಿಗೆ ಸಂಜೆ ಸೊಂಟ ಈ ವ್ಯತ್ಯಾಸ ಹೇಳುತ್ತದೆ.

ಕೋಲು ಮತ್ತು ಕರೆಂಟ್ ತಂತಿ

ನೆಲಮಹಡಿ, ಮೊದಲ ಮಹಡಿಗೆ 20 ಅಡಿ ಕೋಲು ಸಾಕು. ಅದಕ್ಕಿಂತ ಎತ್ತರದ ಕೆಲಸ ಒಪ್ಪಿಕೊಳ್ಳಬೇಡಿ. ಉದ್ದ ಹೆಚ್ಚಿದಷ್ಟೂ ತುದಿಯ ಬ್ರಷ್ಷಿನ ಭಾರ ಭುಜಕ್ಕೆ ಹಲವು ಪಟ್ಟಾಗಿ ಬರುತ್ತದೆ. ಗ್ಲಾಸ್ ಫೈಬರ್‌ಗಿಂತ ಕಾರ್ಬನ್ ಫೈಬರ್ ಹಗುರ, ಬೆಲೆ ಹೆಚ್ಚು. ವಯಸ್ಸಾದವರು ಉಳಿದೆಲ್ಲದರಲ್ಲಿ ಉಳಿಸಿ ಇದೊಂದಕ್ಕೆ ಖರ್ಚು ಮಾಡಲಿ. ಬ್ರಷ್ 10 ಇಂಚಿನದು, ಎರಡು ಜೆಟ್ ಇರುವುದು.

ಕಾರ್ಬನ್ ವಿದ್ಯುತ್ ಹರಿಸುತ್ತದೆ. ಒದ್ದೆಯಾದರೆ ಗ್ಲಾಸ್ ಫೈಬರನ್ನೂ ನಂಬುವಂತಿಲ್ಲ. ನಮ್ಮ ಬೀದಿಗಳಲ್ಲಿ ಬೆಸ್ಕಾಂ ತಂತಿ ಬಾಲ್ಕನಿಯ ಪಕ್ಕದಲ್ಲೇ ಹಾದುಹೋಗಿರುತ್ತದೆ. ಕೋಲು ಕೈಗೆತ್ತಿಕೊಳ್ಳುವ ಮುಂಚೆ ಮನೆಯ ಸುತ್ತ ಒಂದು ಸುತ್ತು ಬಂದು ತಲೆಯೆತ್ತಿ ನೋಡಿ. ಕೋಲು ಪೂರ್ತಿ ಬಿಚ್ಚಿಕೊಂಡು ಆ ಕಡೆಗೆ ವಾಲಿ ಬಿದ್ದರೂ ತಂತಿಗೆ ತಾಗದಷ್ಟು ದೂರ ಇರಬೇಕು. ಇಲ್ಲದಿದ್ದರೆ ಆ ಬದಿಯ ಕಿಟಕಿ ಬಿಟ್ಟುಬಿಡಿ. ಮನೆಯವರು ಎಷ್ಟು ಹೇಳಿದರೂ ಅಷ್ಟೇ.

ತೊಳೆಯುವ ಕ್ರಮ

ಬೆಳಿಗ್ಗೆ ಏಳರಿಂದ ಹತ್ತೂವರೆ ಒಳ್ಳೆಯ ಹೊತ್ತು. ಬಿಸಿಲೇರಿದ ಗಾಜಿನಲ್ಲಿ ಕೊಳೆ ನೀರು ಹರಿದು ಹೋಗುವ ಮುಂಚೆಯೇ ಒಣಗಿ ಪಟ್ಟೆ ಬೀಳುತ್ತದೆ. ಕಿಟಕಿಗಳೆಲ್ಲ ಚಿಲಕ ಹಾಕಿವೆಯೇ, ಹೊರಗಿನ ಸ್ವಿಚ್ ಬಾಕ್ಸ್, ಕಾಲಿಂಗ್ ಬೆಲ್ ಎಲ್ಲಿವೆ, ಬಟ್ಟೆ ಒಣಹಾಕಿದ್ದಾರೆಯೇ ನೋಡಿಕೊಳ್ಳಿ. ಬಾಗಿಲ ಮುಂದಿನ ರಂಗೋಲಿ ಸುತ್ತು ಹಾಕಿ ಪೈಪು ಎಳೆಯಿರಿ.

ನಮ್ಮ ಕೆಂಧೂಳು ದಪ್ಪಗಿದ್ದರೆ ಮೊದಲು ಒಣ ಬ್ರಷ್ಷಿನಿಂದಲೇ ಝಾಡಿಸಿ. ನೇರ ನೀರು ಬಿಟ್ಟರೆ ಅದು ಕೆಸರಾಗಿ ಗೋಡೆಗೆ ಇಳಿಯುತ್ತದೆ. ಆಮೇಲೆ ಸಜ್ಜಾ ಅಂಚು, ಕಿಟಕಿಯ ಮೇಲಿನ ಚೌಕಟ್ಟು, ರಬ್ಬರ್ ಪಟ್ಟಿ ತೊಳೆದು ಪಕ್ಕದ ಕಿಟಕಿಗೆ ಹೋಗಿ, ಅದರ ಮೇಲ್ಭಾಗ ಮುಗಿಸಿ ವಾಪಸ್ ಬನ್ನಿ. ಅಷ್ಟರಲ್ಲಿ ಮೊದಲನೆಯದು ತೊಟ್ಟಿಕ್ಕಿ ಮುಗಿದಿರುತ್ತದೆ. ಈಗ ಗಾಜು: ಮೇಲಿನಿಂದ ಕೆಳಗೆ, ಒಂದು ಪಟ್ಟಿಯ ಮೇಲೆ ಇನ್ನೊಂದು ಸ್ವಲ್ಪ ಹತ್ತುವಂತೆ ಉಜ್ಜಿ. ಪಕ್ಷಿ ಹಿಕ್ಕೆ, ಜೇಡದ ಕಲೆ ಇದ್ದರೆ ಒದ್ದೆ ಮಾಡಿ ಎರಡು ನಿಮಿಷ ನೆನೆಯಲು ಬಿಡಿ. ಕೊನೆಗೆ ಬ್ರಷ್ಷನ್ನು ಗಾಜಿಗೆ ಮೆಲ್ಲಗೆ ತಾಗಿಸಿಕೊಂಡೇ, ಉಜ್ಜದೆ, ಮೇಲಂಚಿನಲ್ಲಿ ಎಡದಿಂದ ಬಲಕ್ಕೆ ನೀರು ಹಾಯಿಸಿ. ಬ್ರಷ್ ಗಾಜಿನಿಂದ ಬಿಡಿಸಿ ಹಿಡಿದರೆ ಭಾರವೆಲ್ಲ ತೋಳಿಗೆ. ನಾಲ್ಕಡಿ ಚೌಕದ ಕಿಟಕಿಗೆ ಎರಡು ಮೂರು ಲೀಟರ್ ಸಾಕು.

ನಿಲ್ಲುವ ರೀತಿ ಮುಖ್ಯ. ನೆಲದಿಂದ ಕಿಟಕಿ ಇರುವ ಎತ್ತರದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಗೋಡೆಯಿಂದ ಹಿಂದೆ ಸರಿದು ನಿಲ್ಲಿ. ಒಂದು ಕಾಲು ಮುಂದೆ, ಒಂದು ಹಿಂದೆ. ಕೈಗಳು ಸೊಂಟ ಮತ್ತು ಎದೆಯ ನಡುವೆ, ಮೇಲಿನ ಕೈ ಭುಜ ದಾಟಬಾರದು. ತೋಳಿನಿಂದ ತಳ್ಳುವ ಬದಲು ಮೈಯನ್ನು ಮುಂದೆ ಹಿಂದೆ ತೂಗಿ. ಗೋಡೆಗೆ ಅಂಟಿಕೊಂಡು ನಿಂತರೆ ಕತ್ತು ಹಿಂದಕ್ಕೆ ಬಾಗಿ ತಲೆಸುತ್ತು ಬರುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಕೋಲು ಇಳಿಸಿ ಕೂರಿ. ಬ್ರಷ್ ಮಾತ್ರ ನೆಲಕ್ಕೆ ತಾಗಿಸಬೇಡಿ, ಒಂದು ಮರಳಿನ ಕಣ ಸಿಕ್ಕಿಕೊಂಡರೂ ಗಾಜು ಗೀರುತ್ತದೆ. ಪೋರ್ಟಿಕೋದ ಟೈಲ್ಸ್ ಒದ್ದೆಯಾದರೆ ಜಾರುತ್ತದೆ, ಹಿಡಿತವಿರುವ ಬೂಟು ಹಾಕಿ. ಸಕ್ಕರೆ ಕಾಯಿಲೆ ಇರುವವರು ತಿಂಡಿ ತಿಂದೇ ಹೊರಡಿ.

"ಯಾಕಣ್ಣ, ಸೋಪು ಹಾಕಲ್ವಾ? ಒರೆಸಲ್ವಾ?" ಎಂದು ಮನೆಯವರು ಕೇಳೇ ಕೇಳುತ್ತಾರೆ. "ಬೇಡಮ್ಮ, ಇಪ್ಪತ್ತು ನಿಮಿಷ ಬಿಟ್ಟು ನೋಡಿ" ಎಂದು ಹೇಳಿ, ಹಾಗೇ ಬಿಡಿ. ಬಟ್ಟೆ ಮುಟ್ಟಿಸಿದರೆ ಅದರ ಜಿಡ್ಡೇ ಕಲೆಯಾಗುತ್ತದೆ.

ಏನು ಕೆಡುತ್ತದೆ

ಗಾಜಿನ ತುಂಬ ಬಿಳಿ ಚುಕ್ಕೆ ಬಂದರೆ ಟಿಡಿಎಸ್ ಅಳೆಯಿರಿ, ಅದೂ ಕ್ಯಾನಿನಲ್ಲಿ ಅಲ್ಲ, ಬ್ರಷ್ಷಿನಿಂದ ಬೀಳುವ ನೀರನ್ನು. ಪೈಪಿನಲ್ಲಿ ಹಳೆಯ ನೀರು ಉಳಿದಿರಬಹುದು. ಮೇಲಿನಿಂದ ಒಂದೇ ಗೆರೆ ಇಳಿದಿದ್ದರೆ ರಬ್ಬರ್ ಪಟ್ಟಿಯಲ್ಲಿ ಕೊಳೆ ಉಳಿದಿದೆ. ಮೊದಲ ಸಲ ತೊಳೆದಾಗ ಇಡೀ ಗಾಜು ಮಂಕಾಗಿ ಕಂಡರೆ ಅದು ಹಿಂದೆ ಹಾಕಿದ ಸೋಪಿನ ಪದರ, ಎರಡು ಮೂರು ಸಲಕ್ಕೆ ಹೋಗುತ್ತದೆ ಎಂದು ಮೊದಲೇ ತಿಳಿಸಿ. ವರ್ಷಗಟ್ಟಲೆ ಕೂತ ಗಡಸು ನೀರಿನ ಕಲೆ ಶುದ್ಧ ನೀರಿಗೆ ಬಗ್ಗುವುದಿಲ್ಲ. ಕೈಗೆಟಕುವ ಕಿಟಕಿಯಾದರೆ ವಿನಿಗರ್ ಒರೆಸಿ ತೊಳೆಯಬಹುದು, ಆದರೆ ಕೆಳಗೆ ಕಡಪ ಕಲ್ಲು ಅಥವಾ ಮಾರ್ಬಲ್ ಇದ್ದರೆ ಬೇಡ, ಹುಳಿ ಬಿದ್ದಲ್ಲಿ ಹೊಳಪು ಹೋಗುತ್ತದೆ.

ಪಂಪು ಗುಂಯ್ ಎನ್ನುತ್ತಾ ನೀರೆಳೆಯದಿದ್ದರೆ ಕ್ಯಾನಿನ ಮುಚ್ಚಳ ಗಾಳಿಯಾಡದಂತೆ ಬಿಗಿದಿದೆಯೇ ನೋಡಿ, ಕ್ಯಾನಿನ ಪಕ್ಕ ಒಳಕ್ಕೆ ಎಳೆದುಕೊಂಡಿರುತ್ತದೆ. ಅದಲ್ಲದಿದ್ದರೆ ಪಂಪಿನ ಜಾಲರಿಯಲ್ಲಿ ಕಸ ಕಟ್ಟಿದೆ, ಇಲ್ಲವೇ ಎಳೆಯುವ ಪೈಪಿನ ಕ್ಲಾಂಪ್ ಸಡಿಲವಾಗಿ ಗಾಳಿ ಹೋಗುತ್ತಿದೆ. ಕೋಲಿನ ಭಾಗಗಳನ್ನು ಬಿಗಿಹಿಡಿಯುವ ಕ್ಲಾಂಪ್ ಜಾರಿದರೆ ಒಳಗೆ ಧೂಳು ಸೇರಿದೆ, ಬಿಚ್ಚಿ ತೊಳೆದು ಒಣಗಿಸಿ, ಎಣ್ಣೆ ಹಾಕಬೇಡಿ. ಮನೆಗೆ ಬಂದು ಪೈಪು ಸುತ್ತಿಟ್ಟ ಮೇಲೆ ಬ್ಯಾಟರಿ ಚಾರ್ಜಿಗೆ ಹಾಕಿ, ಆರ್‌ಒ ಶುರು ಮಾಡಿ, ರೆಸಿನ್ನಿಗೆ ಹೋಗುವ ನೀರಿನ ಮತ್ತು ಬರುವ ನೀರಿನ ಟಿಡಿಎಸ್ ಎರಡನ್ನೂ ಪುಸ್ತಕದಲ್ಲಿ ಬರೆದಿಡಿ. ಮೊದಲನೆಯದು ವಾರದಿಂದ ವಾರಕ್ಕೆ ಏರುತ್ತಿದ್ದರೆ ಮೆಂಬ್ರೇನ್ ಹೋಗುತ್ತಿದೆ, ರೆಸಿನ್ ಕೊಳ್ಳುವ ಮುಂಚೆ ಅದನ್ನು ಬದಲಿಸಿ.